ಆಚೆಗೆ ಹೇಗೆ ಕೇಳುತ್ತದೆ

ಮಂಡ್ಯದ ಗುತ್ತಲು ರಸ್ತೆ. ಜೆರಾಕ್ಸ್ ಅಂಗಡಿಯ ಶಟರು ಅರ್ಧ ಎಳೆದು
ರಾತ್ರಿ ಒಂಬತ್ತೂವರೆಗೆ ಪೇಪರು ಓದುತ್ತೇನೆ,
ಕಣ್ಣು ಕಾಣದವರಿಗೆ. ಲೈವು.
ಮೊದಲ ಪುಟದಿಂದ ನಿಧನ ವಾರ್ತೆಯವರೆಗೆ,
ಬೆಲ್ಲದ ಧಾರಣೆ, ಕಟ್ಟೆಯ ನೀರಿನ ಮಟ್ಟ ಬಿಡದೆ.
ಮೂವತ್ತೊಂದು ಜನ. ಕ್ರಿಕೆಟ್ಟಿದ್ದರೆ ಇಪ್ಪತ್ತು.

ಎಂಟು ತಿಂಗಳು ಓದಿದ ಮೇಲೆ
ಕೆಸ್ತೂರಿನ ನಿಂಗಶೆಟ್ಟರು ಫೋನು ಮಾಡಿ
ಸಂಕೋಚದಿಂದ ಅಂದರು:
"ದೇವೀರವ್ವಾ, ನಿನ್ ಮಾತೊಳಗೆ ಒಂದು ಜೀರುಂಡೆ ಕುಂತದೆ.
ಮೊದಲ್ನೇ ದಿನದಿಂದ್ಲೂವೆ.
ಯೋಳ್ಬಾರ್ದು ಅಂತ ಸುಮ್ಕಿದ್ದೆ."

ಎಂಟು ತಿಂಗಳು!
ಮದುವೆ ಮನೆಯಿಂದ ಬಂದ ಮೇಲೆ
ಹಲ್ಲಿನ ಸಂದಿಯ ಸೊಪ್ಪು ಗೊತ್ತಾದವಳ ಹಾಗೆ
ಕನ್ನಡಿ ಹುಡುಕಿದೆ.
ಕಿವಿಗೆ ಕನ್ನಡಿ ಎಲ್ಲಿ ಸಿಗುತ್ತದೆ?

ಆರ್ಕೆಸ್ಟ್ರಾಗಳಿಗೆ ಸೌಂಡು ಹಾಕುವ ಲೋಹಿತಾಚಾರಿ ಬಂದ,
ಹೆಗಲಲ್ಲಿ ವೈರಿನ ಸುರುಳಿ, ಹಲ್ಲಲ್ಲಿ ಟೇಪು.
"ಇಷ್ಟು ದಿವ್ಸ ಕೇಳಿಸ್ಕೊಳ್ದೇ ಮಾತಾಡ್ತಿದ್ರಾ ಅಕ್ಕ?
ಉಪ್ಪು ನೋಡ್ದೇ ಊರಿಗೆಲ್ಲ ಬಡಿಸ್ದಂಗೆ."

ಅಂಗೈಯಗಲದ ಮಿಕ್ಸರು. ಕಪ್ಪು ಹೆಡ್‌ಫೋನು,
ಕಿವಿ ಪೂರಾ ಮುಚ್ಚುವಂಥದು.
ಸ್ಪೀಕರಿನಲ್ಲಿ ಕೇಳಬಾರದಂತೆ,
ಮೈಕು ಅದನ್ನೇ ಮತ್ತೆ ನುಂಗಿ
ಕಿರುಚಿ ಊರೆಬ್ಬಿಸುತ್ತದಂತೆ.
ಹಾಕಿಕೊಂಡೆ.
"ಒಂದು, ಎರಡು" ಅಂದೆ.
ಅರೆಗಳಿಗೆ ಬಿಟ್ಟು ಯಾರೋ ಹೆಂಗಸು
"ಒಂದು, ಎರಡು" ಅಂದಳು.
ನಾನು ತಡವರಿಸಿದೆ; ಅವಳೂ ತಡವರಿಸಿದಳು,
ಬೆನ್ನ ಹಿಂದೆಯೇ ನಿಂತು ಅಣಕಿಸುವ ಓರಗಿತ್ತಿ.
"ಅದು ಕಂಪ್ಯೂಟರ್ ಸುತ್ತಾಕ್ಕೊಂಡು ಬರೋ ದನಿ, ಲೇಟು"
ಎಂದು ಲೋಹಿತ ಮಿಕ್ಸರಿನ ಗುಂಡಿಯೊಂದನ್ನು ಒತ್ತಿದ.
ಇಬ್ಬರೂ ಒಬ್ಬಳಾದೆವು.

ಆಮೇಲೆ ಕೇಳಿತು, ಜೀರುಂಡೆ.
ಪಕ್ಕದ ಜ್ಯೂಸ್ ಅಂಗಡಿಯ ಫ್ರಿಜ್ಜೋ,
ಟ್ಯೂಬ್‌ಲೈಟಿನ ಚೋಕೋ,
ಆರಿಸಿದರೂ ಉಸಿರು ಬಿಡದ ಜೆರಾಕ್ಸ್ ಮೆಷಿನ್ನೋ.
ಅವನು ಒಂದೊಂದೇ ಪ್ಲಗ್ಗು ಕಿತ್ತ,
ನಾನು ಕಣ್ಣು ಮುಚ್ಚಿ "ಇದಲ್ಲ, ಇದೂ ಅಲ್ಲ" ಅಂದೆ,
ಹೇನು ನೋಡುವಾಗ ಅವ್ವನಿಗೆ
ಕಡಿತದ ಜಾಗ ಹೇಳುತ್ತಿದ್ದ ಹಾಗೆ.
ಕೊನೆಗೆ ಲ್ಯಾಪ್‌ಟಾಪಿನ ಚಾರ್ಜರು.
ಕಿತ್ತ ಕ್ಷಣ
ಅಂಗಡಿ ಬಾವಿಯಷ್ಟು ಆಳವಾಯಿತು.
ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹೋಯಿತು;
ಅದರ ಸರಪಳಿಯ ಒಂದೊಂದು ಕೊಂಡಿಯೂ ಬೇರೆ ಬೇರೆ.

ಇನ್ನೊಂದು ಕೇಳಿದ್ದೂ ಆಗಲೇ.
ಪೇಪರು ಹಿಡಿದು ಸುಮ್ಮನೆ ಓದಿದೆ,
ಕೊಕ್ಕರೆಬೆಳ್ಳೂರಿಗೆ ಹಕ್ಕಿಗಳು ಬಂದ ಸುದ್ದಿ.
ಹೆಡ್‌ಫೋನಿನಲ್ಲಿ ಅವು ಅಕ್ಕಿಗಳು.
ಉಣಸೆ ಮರದ ತುಂಬ ಅಕ್ಕಿ.
ಬಿ.ಎ. ಮಾಡಿದ ನಾಲಿಗೆ,
ಹಕಾರ ಇದೆಯೆಂದೇ ನಂಬಿದ್ದೆ.
ಗಂಟಲಿಂದ ಹೊರಟು ಹಲ್ಲಿಗೆ ಬರುವಷ್ಟರಲ್ಲಿ
ಎಲ್ಲೋ ಮಾಯವಾಗುತ್ತಿತ್ತು,
ಟಿಕೆಟಿಲ್ಲದವನು ಹನಕೆರೆಯಲ್ಲಿ ಇಳಿದುಕೊಂಡ ಹಾಗೆ.

ಒಂದು ವಾರ ಹಟದಿಂದ ಕೂರಿಸಿದೆ.
ಪ್ರತಿ ಹಕಾರಕ್ಕೂ ಮೈಕು ಬುಸ್ಸೆಂದಿತು,
ಮೀಟರಿನ ಹಸಿರು ಕಡ್ಡಿ ಕೆಂಪಿಗೆ ಹಾರಿತು.
ನಿಂಗಶೆಟ್ಟರ ಫೋನು:
"ಜೀರುಂಡೆ ವೋಯ್ತು ಕಣವ್ವ, ಸಂದಾಗದೆ."
ಸ್ವಲ್ಪ ತಡೆದು,
"ಓದ್ತಾ ಇರೋದು ಯಾರು ಈಗ? ನೀನು ಊರಲ್ಲಿಲ್ವಾ?"

ಇವತ್ತು, ಒಂಬತ್ತು ಇಪ್ಪತ್ತೊಂಬತ್ತು.
ಚಾರ್ಜರು ಕಿತ್ತಿದೆ, ಬ್ಯಾಟರಿ ಎಪ್ಪತ್ತೆರಡು.
ಹೆಡ್‌ಫೋನು ಬಲಗಿವಿಗೆ ಮಾತ್ರ.
ಮೈಕಿನ ಹತ್ತಿರ ಬಗ್ಗಿ, ಮೆಲ್ಲಗೆ:
ಹಾಲು. ಆಲು. ಹಾಲು.
ಮೆಲ್ಲಗಂದರೆ ಎರಡಕ್ಕೂ ಹಸಿರೇ.

ಶಟರಿನ ಕೆಳಗೆ ಎರಡು ಚಪ್ಪಲಿ ಬಂದು ನಿಂತವು.
"ಅಕ್ಕೋ, ಆಧಾರದ್ದು ಒಂದು ಕಾಪಿ ಆಯ್ತದಾ?"
ಅಷ್ಟರಲ್ಲಿ ಪರದೆಯ ಮೇಲೆ ಕೆಂಪು ಚುಕ್ಕೆ,
ಆಗಲೇ ನಾಲ್ಕು ಜನ.
"ಒತ್ತಾಯ್ತು ವೋಗಪ್ಪ, ನಾಳಿಕ್ ಬಾ" ಅಂದೆ.
ಬಲಗಿವಿಯಲ್ಲಿ ಅದು ಸ್ಪಷ್ಟವಾಗಿ
ಆಚೆಗೆ ಹೋಯಿತು,
ಇವತ್ತಿನ ಮೊದಲ ಸುದ್ದಿ.